ಬೀಗಿತ್ತಿಯ ತವರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಮನೆಯನ್ನು ಬಿಲ್ಡರ್ ಕಟ್ಟುತ್ತಾನೆ. ನಾವು ನೋಡುವುದಷ್ಟೇ, ಅದೂ ಕೆಲವರು ವರ್ಷಗಟ್ಟಲೆ ನೋಡುತ್ತಲೇ ಇರುತ್ತಾರೆ. ಹಾಗಾಗಿ ನಮ್ಮ ಪಾಲಿಗೆ ಉಳಿದಿರುವ ಪೌರುಷವೆಂದರೆ ಮದುವೆಯೊಂದೇ. ಆ ಪೌರುಷವನ್ನು ನಮ್ಮ ಸೊಸೈಟಿಯ ಮೂರನೇ ಮಹಡಿಯ ದಯಾನಂದ ಸಾಲ್ಯಾನರು ಮೆರೆದ ಬಗೆಯನ್ನು ಹತ್ತಿರದಿಂದ ಕಂಡವನು ನಾನು. ಕಂಡವನು ಎನ್ನುವುದಕ್ಕಿಂತ ಅವರ ಹಿಂದೆ ಚೀಲ ಹಿಡಿದು ಓಡಾಡಿದವನು ಎಂದರೆ ಹೆಚ್ಚು ಸರಿ. ಅವರ ಮೇಲೆ ನನಗೀಗ ಎಷ್ಟು ಗೌರವವೆಂದರೆ, ಅವರು ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿದರೂ ನಾನು ಅದೇ ಮಹಡಿಯಲ್ಲಿ ಇಳಿಯುತ್ತೇನೆ.

ದಯಾನಂದಣ್ಣ ಕಾರ್ಕಳದ ಕಡೆಯವರು. ಇಲ್ಲಿ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ಮ್ಯಾನೇಜರ್. ತೆಂಗಿನಕಾಯಿ ತರಲು ಹೊರಟರೆ ದಾರಿಯಲ್ಲಿ ಸಿಕ್ಕ ಮುದುಕಿಗೆ ಔಷಧಿ ಕೊಡಿಸಿ, ಅವಳನ್ನು ಮನೆ ಮುಟ್ಟಿಸಿ, ತೆಂಗಿನಕಾಯಿ ಮರೆತು ಬರುವ ಜಾತಿ. ನಾನು ತುಮಕೂರಿನ ಕಡೆಯ ನಿವೃತ್ತ ಕನ್ನಡ ಶಿಕ್ಷಕ. ಅವರ ಕೆಳಗಿನ ಮಹಡಿಯಲ್ಲಿದ್ದೇನೆ. ನನ್ನನ್ನು ಅವರು ‘ಮಾಷ್ಟ್ರೆ’ ಎನ್ನುತ್ತಾರೆ. ಅವರ ಹೆಂಡತಿ ವಿಮಲಕ್ಕನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತೆಂಗಿನಕಾಯಿ ಕೊನೆಗೆ ಮನೆಗೆ ಬಂದದ್ದು ಹೇಗೆ ಎಂದು ಯಾರಿಗಾದರೂ ಸಂಶಯವಿದ್ದರೆ, ತಂದವರು ಅವರೇ.

ಮಗಳು ರಮಿತಾಳ ಮದುವೆಯ ಮಾತು ಬರುವುದಕ್ಕೆ ಸ್ವಲ್ಪ ಮೊದಲು ತುಳುವರ ಸಂಘದವರು ದಯಾನಂದಣ್ಣನನ್ನು ಸಂಸ್ಕೃತಿ ಸಮಿತಿಯ ಉಪಾಧ್ಯಕ್ಷರನ್ನಾಗಿ ಮಾಡಿದ್ದರು. ಸಭೆಗೆ ಅವರು ತಡವಾಗಿ ಹೋಗಿದ್ದರು. ಬೇಗ ಬಂದವರೆಲ್ಲ ಬೇಡ ಎಂದು ಹೇಳಿ ಮುಗಿಸಿದ್ದರಿಂದ ಆ ಗೌರವ ಇವರ ಪಾಲಿಗೆ ಉಳಿದಿತ್ತು. ಅಂದಿನಿಂದ ಅವರ ನಡಿಗೆ ಬದಲಾಯಿತು. ಕ್ಯಾಂಟೀನಿನಲ್ಲಿ ಇಡ್ಲಿ ಬಡಿಸುವಾಗಲೂ ಆಚಾರದ ಬಗ್ಗೆ ನಾಲ್ಕು ಮಾತು ಸೇರಿಸತೊಡಗಿದರು.

ಹುಡುಗ ಯತಿನ್ ಕರ್ಕೇರ. ವಾಶಿಯ ಒಂದು ಬ್ಯಾಂಕಿನಲ್ಲಿದ್ದಾನೆ. ರಮಿತಾಳ ಕಚೇರಿಯೂ ವಾಶಿಯಲ್ಲೇ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ದಿನಾ ಒಂದೇ ಕಂಬದ ಕೆಳಗೆ ನಿಂತು ನಿಂತು ಇಬ್ಬರೂ ತಾವೇ ನಿಶ್ಚಯ ಮಾಡಿಕೊಂಡಿದ್ದರು. ಹಿರಿಯರಿಗೆ ಉಳಿದದ್ದು ಗಂಭೀರವಾಗಿ ಒಪ್ಪುವ ಕೆಲಸ. ಯತಿನ್‌ನ ತಂದೆ ಮುಂಡಪ್ಪಣ್ಣ ಘೋಡಬಂದರ್ ರಸ್ತೆಯಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡವರು. ತಾಯಿ ನಾಗವೇಣಿಯಕ್ಕ ಮಾತು ಕಡಿಮೆ, ತುಳು ಮಾತ್ರ ಅಚ್ಚುಕಟ್ಟು. ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದಾಗ ಆಕೆ ಒಂದು ಡಬ್ಬಿ ಶೇಂಗಾ ಹಿಂಡಿ ತಂದಿದ್ದರು.

ಚಹಾ ಬಂದಿತು. ವಿಮಲಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಉಪಾಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ಎಲ್ಲಾ ಸರಿ ಮುಂಡಪ್ಪಣ್ಣ. ಆದ್ರೆ ಕ್ರಮ ಅಂತ ಒಂದುಂಟಲ್ಲ. ನಿಮ್ಮದು ಯಾವ ಬರಿ?”

“ಕರ್ಕೇರ.”

“ನಮ್ಮದು ಸಾಲ್ಯಾನ್. ಬೇರೆ ಬೇರೆ. ನೋಡಿಯಾಯ್ತು. ಇನ್ನು ಯಾರೂ ಕೇಳುವ ಹಾಗಿಲ್ಲ.”

ನಾಗವೇಣಿಯಕ್ಕನ ಕೈಯಿಂದ ಚಮಚ ಜಾರಿ ಬಿದ್ದಿತು. ವಿಮಲಕ್ಕ ಬಂದು ಎತ್ತಿಕೊಟ್ಟರು. ನಾನು ಮೆಲ್ಲಗೆ, ಬರಿ ಎಂದರೇನು ಎಂದು ಕೇಳಿದೆ.

“ನಿಮ್ಮ ಗೋತ್ರ ಇದ್ದ ಹಾಗೆ ಮಾಷ್ಟ್ರೆ. ಒಂದೇ ಬರಿಯವರು ಅಂದ್ರೆ ಅಣ್ಣ ತಂಗಿ. ಮದುವೆ ಆಗ್ಲಿಕ್ಕಿಲ್ಲ,” ಎಂದರು ದಯಾನಂದಣ್ಣ, ಎಲ್ಲರಿಗೂ ಕೇಳುವಂತೆ.

ಆ ಶೇಂಗಾ ಹಿಂಡಿಯನ್ನು ಅವರು ಒಂದು ವಾರ ಮೂರು ಹೊತ್ತೂ ತಿಂದರು. ನನಗೂ ಒಂದು ಬಟ್ಟಲು ಕೊಟ್ಟರು. “ಇದು ಅಪ್ಪಟ ಉಡುಪಿ ಕಡೆಯ ಕೈ ಮಾಷ್ಟ್ರೆ. ನಾಲಿಗೆ ಸುಳ್ಳು ಹೇಳುವುದಿಲ್ಲ,” ಎಂದರು. ಕ್ಯಾಂಟೀನ್ ಮ್ಯಾನೇಜರರ ನಾಲಿಗೆಯನ್ನು ಪ್ರಶ್ನಿಸಲು ನಾನ್ಯಾರು?

ದೀಪಾವಳಿ ಕಳೆದ ಮೇಲೆ ನಿಶ್ಚಿತಾರ್ಥವಾಯಿತು. ಮದುವೆ ಮೇ ತಿಂಗಳಿಗೆ. ಹಾಲ್ ನೋಡಲು ಹೋದ ದಯಾನಂದಣ್ಣನಿಗೆ ಅಲ್ಲಿನ ಅಡುಗೆಮನೆಯ ಹೊಗೆ ಹೊರಗೆ ಹೋಗುತ್ತಿಲ್ಲವೆಂದು ಕಂಡಿತು. ಕಾರ್ಖಾನೆಯಿಂದ ಫಿಟ್ಟರನ್ನು ಕರೆಸಿ, ಚಿಮಣಿ ಸರಿಮಾಡಿಸಿ, ಮೈತುಂಬ ಮಸಿ ಮಾಡಿಕೊಂಡು ಸಂತೋಷದಿಂದ ಮನೆಗೆ ಬಂದರು. ಹಾಲ್ ಬುಕ್ ಮಾಡಿರಲಿಲ್ಲ. ಮರುದಿನ ವಿಮಲಕ್ಕ ಹೋದರು. ಚಿಮಣಿಯ ಪುಣ್ಯದಿಂದ ಹಾಲಿನವರು ಬೇರೆ ಯಾರಿಗೋ ಕಾದಿರಿಸಿದ್ದ ಒಳ್ಳೆಯ ಭಾನುವಾರವನ್ನು ಇವರಿಗೇ ಕೊಟ್ಟರು. ದಯಾನಂದಣ್ಣನ ತಪ್ಪುಗಳು ಹೀಗೆ ಎಲ್ಲಿಯೋ ಬಿದ್ದು ಎಲ್ಲಿಯೋ ಚಿಗುರುತ್ತವೆ. ಇದನ್ನು ನಾನು ಆಗಲೇ ಗಮನಿಸಬೇಕಿತ್ತು.

ಕಲ್ಯಾಣದ ಪೇಟೆಯಲ್ಲಿ ಸೀರೆ, ಮದುವೆ ಕಾಗದದ ಅಚ್ಚು, ಅಡುಗೆಯವರ ಜೊತೆ ಮಾತು, ಒಂದೊಂದಾಗಿ ಮುಗಿಯಿತು. ಉಳಿದದ್ದು ಕರೆಯುವ ಕೆಲಸ. ಅವರ ಕಡೆ ಫೋನಿನಲ್ಲಿ ಕರೆದರೆ ಅದು ಕರೆಯದಿರುವುದಕ್ಕಿಂತ ದೊಡ್ಡ ಅವಮಾನ. ಮನೆಗೇ ಹೋಗಬೇಕು, ಕುಳಿತುಕೊಳ್ಳಬೇಕು, ಕಾಗದ ಕೈಗೆ ಕೊಟ್ಟು ಬಾಯಿಬಿಟ್ಟು ಹೇಳಬೇಕು. ಮೊದಲ ಕಾಗದ ಬದಲಾಪುರದ ನಳಿನಾಕ್ಷಿ ದೊಡ್ಡಮ್ಮನಿಗೆ. ದಯಾನಂದಣ್ಣನ ತಾಯಿಯ ಅಕ್ಕ. ತಾಯಿ ಬೇಗ ತೀರಿಕೊಂಡಾಗ ಇವರನ್ನು ಸಾಕಿ, ಮುಂಬಯಿಗೆ ಕರೆತಂದು, ಕೆಲಸಕ್ಕೆ ಹಚ್ಚಿದ ಹೆಂಗಸು. ಮದುವೆಯ ದೀಪ ಅವರೇ ಹಚ್ಚಬೇಕು. ಅದಿಲ್ಲದಿದ್ದರೆ ದಯಾನಂದಣ್ಣನ ಪಾಲಿಗೆ ಅದು ಮದುವೆಯೇ ಅಲ್ಲ.

ದೊಡ್ಡಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡು ಕೇಳಿದರು, “ಮದುಮಗನ ಬರಿ ಯಾವುದು?”

“ಕರ್ಕೇರ, ದೊಡ್ಡಮ್ಮ. ನಾನೇ ಕೇಳಿ ನೋಡಿದ್ದು.”

“ಕರ್ಕೇರ ಯಾರದ್ದು?”

“ಅವನ ಅಪ್ಪಂದು. ಹಾಗಾಗಿ ಅವನದ್ದೂ.”

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಸಾಕುಮಗನನ್ನು ನೋಡಿದರು.

“ಅಪ್ಪನ ಬರಿ ಮಗನಿಗೆ ಯಾವಾಗಿಂದ ಬರ್ಲಿಕ್ಕೆ ಶುರುವಾದ್ದು? ಬರಿ ತಾಯಿದು. ನಿನ್ನ ಅಪ್ಪ ಕುಂದರ್. ಮತ್ತೆ ನೀನು ಸಾಲ್ಯಾನ್ ಆದದ್ದು ಹೇಗೆ? ನನ್ನ ತಂಗಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ.”

“ಹೌದಲ್ಲ.”

“ನಿನ್ನ ಮಗಳು ಯಾವ ಬರಿ?”

“ಸಾಲ್ಯಾನ್.”

“ಅದು ಶಾಲೆಯವರು ಬರೆದುಕೊಂಡದ್ದು. ಮುಂಬಯಿಯಲ್ಲಿ ಮಕ್ಕಳಿಗೆ ಅಪ್ಪನ ಹೆಸರು ಅಂಟಿಸ್ತಾರೆ, ಅದು ಕಾಗದಕ್ಕೆ. ವಿಮಲಾ ಬಂಗೇರ, ಮಗಳೂ ಬಂಗೇರ. ಈಗ ಹೇಳು, ಹುಡುಗನ ತಾಯಿ ಯಾವ ಬರಿ?”

ದಯಾನಂದಣ್ಣ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

“ಕೇಳಿದ್ದೇನೆ ದೊಡ್ಡಮ್ಮ. ಬಾಯಲ್ಲೇ ಉಂಟು, ಬರ್ತಾ ಇಲ್ಲ.”

“ಬರುವಾಗ ಬರ್ಲಿ. ಅವಳೂ ಬಂಗೇರ ಆದರೆ ಮಕ್ಕಳಿಬ್ಬರೂ ಅಣ್ಣ ತಂಗಿ. ಗೊತ್ತಿದ್ದೂ ನಾನು ದೀಪ ಹಚ್ಚುವುದಿಲ್ಲ.” ದೊಡ್ಡಮ್ಮ ಕಾಗದವನ್ನು ಟೀವಿಯ ಮೇಲೆ ಇಟ್ಟರು. ಸ್ವೀಕರಿಸಿದ್ದೂ ಅಲ್ಲ, ಹಿಂತಿರುಗಿಸಿದ್ದೂ ಅಲ್ಲ.

ಬದಲಾಪುರದಿಂದ ಬರುವ ರೈಲಿನಲ್ಲಿ ದಯಾನಂದಣ್ಣ ಮುಂದಿನ ನಿಲ್ದಾಣವಾದ ಅಂಬರನಾಥದವರೆಗೆ ಮಾತಾಡಲಿಲ್ಲ. ಅವರಿಗೆ ಅದು ದೊಡ್ಡ ಮೌನ.

“ಮಗಳು ಆ ಹುಡುಗನನ್ನು ಬಿಡುವುದಿಲ್ಲ. ನಾನು ದೊಡ್ಡಮ್ಮನನ್ನು ಬಿಡುವುದಿಲ್ಲ. ಎಂತ ಮಾಡುವುದು ಮಾಷ್ಟ್ರೆ?”

“ಫೋನ್ ಮಾಡಿ ಆ ಹೆಂಗಸನ್ನೇ ಕೇಳಿಬಿಡಿ.”

“ಹೇಗೆ ಕೇಳುವುದು? ಎಲ್ಲರ ಎದುರು ‘ನೋಡಿಯಾಯ್ತು’ ಅಂದಿದ್ದೇನೆ. ಈಗ ಕೇಳಿದ್ರೆ ಸಂಸ್ಕೃತಿ ಸಮಿತಿಯ ಉಪಾಧ್ಯಕ್ಷನಿಗೆ ಬರಿ ಅಂದ್ರೆ ಎಂತ ಅಂತ ಗೊತ್ತಿಲ್ಲ ಅಂತ ಆಗ್ತದೆ.”

“ಗೊತ್ತಿರಲಿಲ್ಲವಲ್ಲ.”

“ಅದು ಬೇರೆ ವಿಷಯ.”

“ಹಾಗಾದರೆ ವಿಮಲಕ್ಕನನ್ನು ಕೇಳಿ.”

“ಅವಳಿಗೆ ಹೇಗೆ ಗೊತ್ತಿರ್ತದೆ? ಅವತ್ತು ಅವಳು ಅಡುಗೆಮನೆಯಲ್ಲಿದ್ದಳು.”

ಮುಂದಿನ ಭಾನುವಾರ ನಾವಿಬ್ಬರೂ ಘೋಡಬಂದರ್ ರಸ್ತೆಯ ಎತ್ತರದ ಟವರೊಂದರಲ್ಲಿ ಮುಂಡಪ್ಪಣ್ಣನ ಸೋಫಾದ ಮೇಲೆ ಕುಳಿತಿದ್ದೆವು. ಅಡುಗೆಯ ಪಟ್ಟಿ ಒಪ್ಪಿಗೆಯೇ ಎಂದು ಕೇಳಲು ಬಂದದ್ದು ಎಂಬುದು ನೆಪ. ನಾಗವೇಣಿಯಕ್ಕ ಬಿಸಿ ಗೋಳಿಬಜೆ ತಂದಿಟ್ಟರು. ದಯಾನಂದಣ್ಣ ಒಂದನ್ನು ಬಾಯಿಗೆ ಹಾಕಿಕೊಂಡು, ಆಕಸ್ಮಿಕವಾಗಿ ನೆನಪಾದವರಂತೆ ಸೂರು ನೋಡಿದರು.

“ನಾಗವೇಣಿಯಕ್ಕ, ನಿಮ್ಮ ತವರು ಯಾವ ಕಡೆ?”

“ಉಡುಪಿಯಿಂದ ಆಚೆ.”

“ಬ್ರಹ್ಮಾವರವಾ?”

“ಇನ್ನೂ ಸ್ವಲ್ಪ ಆಚೆ.”

“ಕುಂದಾಪುರ?”

“ಇನ್ನೂ ಸ್ವಲ್ಪ.” ಆಕೆ ಅವರ ತಟ್ಟೆಗೆ ಇನ್ನೆರಡು ಗೋಳಿಬಜೆ ಹಾಕಿದರು.

“ಬೈಂದೂರು? ಭಟ್ಕಳ?”

“ಆ ದಿಕ್ಕೇ.”

ಒಂದೊಂದು ಊರಿಗೆ ಎರಡೆರಡು ಗೋಳಿಬಜೆಯಂತೆ ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ದಯಾನಂದಣ್ಣ ಕಾರವಾರ ತಲುಪಿದರು. ಅಲ್ಲಿಗೆ ಕರ್ನಾಟಕದ ಕರಾವಳಿಯೂ ತಟ್ಟೆಯೂ ಮುಗಿದವು. ನಾಗವೇಣಿಯಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಮುಂಡಪ್ಪಣ್ಣ ಎದ್ದು ನಿಂತು, ಹಾಲಿನಲ್ಲಿ ಗಾಡಿ ನಿಲ್ಲಿಸಲಿಕ್ಕೆ ಜಾಗ ಉಂಟೋ ಎಂದು ಮೂರು ಸಲ ಕೇಳಿದರು.

ಲಿಫ್ಟಿನಲ್ಲಿ ದಯಾನಂದಣ್ಣ ತೀರ್ಪು ಕೊಟ್ಟರು. “ಮುಚ್ಚಿಡ್ತಾ ಇದ್ದಾರೆ ಮಾಷ್ಟ್ರೆ. ಮುಚ್ಚಿಡುವುದು ಯಾಕೆ? ಖಂಡಿತ ಬಂಗೇರ.”

ಖಂಡಿತವನ್ನು ಇನ್ನಷ್ಟು ಖಂಡಿತ ಮಾಡಿಕೊಳ್ಳಲು ಅವರು ಸಂಘದ ಕಾರ್ಯದರ್ಶಿ ಬೂಬಣ್ಣನ ಕಿವಿಯಲ್ಲಿ, ನಾಗವೇಣಿಯಕ್ಕನ ತವರು ಯಾವುದೆಂದು ವಿಚಾರಿಸು, ಯಾರಿಗೂ ಹೇಳಬೇಡ ಎಂದರು. ಯಾರಿಗೂ ಹೇಳದೆ ವಿಚಾರಿಸುವುದು ಹೇಗೆಂದು ಬೂಬಣ್ಣನಿಗೆ ತಿಳಿಯಲಿಲ್ಲ. ಅವರು ಬೆಳಿಗ್ಗೆಯ ಸ್ಲೋ ಲೋಕಲಿನಲ್ಲಿ ಊರಿನವರ ಗುಂಪಿಗೆ ವಿಷಯ ಎತ್ತಿದರು. ಡೊಂಬಿವಲಿಯಲ್ಲಿ ಅದು ‘ಯತಿನ್‌ನ ಅಮ್ಮನ ತವರು ಯಾವುದು’ ಎಂದಿತ್ತು. ದಿವಾದಲ್ಲಿ ‘ತವರು ಯಾವುದೆಂದು ಯಾರಿಗೂ ಗೊತ್ತಿಲ್ಲವಂತೆ’ ಎಂದಾಯಿತು. ಮುಂಬ್ರಾದಲ್ಲಿ ‘ಕೇಳಿದರೆ ಹೇಳುವುದಿಲ್ಲವಂತೆ’, ಕಳವಾದಲ್ಲಿ ‘ಏನೋ ಉಂಟಂತೆ’. ರೈಲು ಠಾಣೆಗೆ ಬಂದಾಗ ಮದುವೆ ನಿಂತು ಹೋಗಿತ್ತು, ಇನ್ನೊಬ್ಬ ಹುಡುಗನನ್ನು ನೋಡಿಯೂ ಆಗಿತ್ತು.

ಅಂದು ಸಂಜೆ ನಾನು ಅವರ ಮನೆಯಲ್ಲಿದ್ದಾಗಲೇ ಮುಂಡಪ್ಪಣ್ಣನ ಫೋನ್ ಬಂದಿತು. ಧ್ವನಿ ಮೆತ್ತಗಿತ್ತು, ಅದೇ ಹೆಚ್ಚು ಹೆದರಿಸಿತು.

“ದಯಾನಂದಣ್ಣ, ನೀವು ನಾಗವೇಣಿಯ ತವರಿನ ಬಗ್ಗೆ ಊರೆಲ್ಲ ವಿಚಾರಿಸ್ತಾ ಇದ್ದೀರಂತೆ. ಮನಸ್ಸಲ್ಲಿ ಎಂತದಾದ್ರೂ ಇದ್ದರೆ ನೇರ ಹೇಳಿಬಿಡಿ.”

ಬೇರೆಯವರಾಗಿದ್ದರೆ ನೇರ ಹೇಳುತ್ತಿದ್ದರು. ದಯಾನಂದಣ್ಣ ಕಿಟಕಿಯ ಕಡೆ ತಿರುಗಿ ನಕ್ಕರು.

“ಅಯ್ಯೋ, ಗುಟ್ಟು ಹೊರಗೆ ಬಿತ್ತಲ್ಲ. ಮದುವೆ ದಿನ ಅಕ್ಕನ ತವರಿನವರನ್ನೆಲ್ಲ ಕರೆಸಿ ಒಂದು ಸರ್‌ಪ್ರೈಸ್ ಕೊಡುವ ಅಂತ ಇದ್ದೆ.”

ಮುಂಡಪ್ಪಣ್ಣ ಕೇಳಿದರು, “ಯಾರಾದ್ರೂ ಸಿಕ್ಕಿದ್ರಾ?”

“ಸಿಕ್ಕಿದ ಹಾಗೆಯೇ.”

ಫೋನ್ ಇಟ್ಟು ನನ್ನ ಕಡೆ ತಿರುಗಿ, “ನೋಡಿ ಮಾಷ್ಟ್ರೆ, ಸುಳ್ಳು ಹೇಳಿದ್ರೂ ನಾಲ್ಕು ಜನಕ್ಕೆ ಸಂತೋಷ ಆಗುವಂಥದ್ದು ಹೇಳಬೇಕು,” ಎಂದರು. ನನಗೂ ಅದು ಜಾಣತನವೆಂದೇ ಕಂಡಿತು. ಒಳಗಿನಿಂದ ವಿಮಲಕ್ಕ ಬಂದು ಗಂಡನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು.

ಸೀರೆಗಳನ್ನು ಯಾರಿಗೆ ಯಾವುದು ಎಂದು ಹಂಚುವ ಭಾನುವಾರ ಬಂದಿತು. ಮನೆತುಂಬ ಹೆಂಗಸರು. ಉತ್ತರಕ್ಕೆ ಕಾದು ಬೇಸತ್ತ ನಳಿನಾಕ್ಷಿ ದೊಡ್ಡಮ್ಮನೂ ಬದಲಾಪುರದಿಂದ ಬಂದು ಗೋಡೆಗೆ ಒರಗಿ ಕುಳಿತಿದ್ದರು. ಸೀರೆಯ ಸೆರಗು ದೂರದಿಂದ ಹೇಗೆ ಕಾಣುತ್ತದೆಂದು ತೋರಿಸಲು ದಯಾನಂದಣ್ಣನನ್ನೇ ನಿಲ್ಲಿಸಿದ್ದರು. ವಿಮಲಕ್ಕ ತಮಗಾಗಿ ಆರಿಸಿಕೊಂಡಿದ್ದ ಹಸಿರು ರೇಷ್ಮೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟು ಅವರು ನಡುಮನೆಯಲ್ಲಿ ನಿಂತಿದ್ದಾಗ ಬೆಲ್ ಆಯಿತು.

ನಾಗವೇಣಿಯಕ್ಕ. ಮನೆಯಲ್ಲಿ ಉಡುವ ನೂಲಿನ ಸೀರೆಯಲ್ಲೇ ಬಂದಿದ್ದರು. ಹಿಂದೆ ಮುಂಡಪ್ಪಣ್ಣ, ಅವರ ಹಿಂದೆ ಯತಿನ್. ಆಕೆ ಯಾರನ್ನೂ ನೋಡಲಿಲ್ಲ, ಸೀರೆ ಹೊದ್ದ ದಯಾನಂದಣ್ಣನನ್ನು ನೋಡಿ ನಗಲೂ ಇಲ್ಲ. ನೇರ ಬಂದು ಅವರ ಎದುರು ನಿಂತರು. ಬಾಯಿ ತೆರೆದಾಗ ಬಂದದ್ದು ತುಳುವಲ್ಲ, ಕರಾವಳಿಯ ಕನ್ನಡವೂ ಅಲ್ಲ.

“ಅಣ್ಣಾರ, ನಮ್ಮ ಮಂದಿ ಸಿಕ್ಕಾರಂತಲ್ರಿ. ಯಾರು ಸಿಕ್ಕಾರ? ನಮ್ಮಪ್ಪ ಯಂಕಪ್ಪ ಅದಾನೇನ್ರಿ? ನಮ್ಮವ್ವ?”

ಯತಿನ್ ತಾಯಿಯ ತೋಳು ಹಿಡಿದು, “ಅಮ್ಮಾ, ಏ ಕೌನ್ಸೀ ಭಾಷಾ ಹೈ?” ಎಂದ. ಹುಟ್ಟಿದಾಗಿನಿಂದ ಅವನು ತಾಯಿಯ ಬಾಯಲ್ಲಿ ಆ ಭಾಷೆಯನ್ನು ಕೇಳಿರಲಿಲ್ಲ.

“ನಂದ ಭಾಷಾ,” ಎಂದರು ನಾಗವೇಣಿಯಕ್ಕ. ಆಮೇಲೆ ಹೆಂಗಸರ ಕಡೆ ತಿರುಗಿದರು. “ನಾ ಸಿಂದಗಿ ಕಡಿಯಾಕಿ. ಅಪ್ಪ ಕಲ್ಯಾಣದಾಗ ಹಮಾಲಿ ಮಾಡತಿದ್ದ. ಇವರು ಸ್ಟೇಶನ್ ಮುಂದಿನ ಹೋಟೆಲಿನ್ಯಾಗ 'ಸಪ್ಲಾಯರ್' ಇದ್ರು. ಅಪ್ಪಗ ಚಹಾ ಒಯ್ಯಾಕ ದಿನಾ ಹೋಗತಿದ್ದೆ. ಮದುವಿ ಮಾಡಕೊಂಡ್ವಿ, ಅಪ್ಪ ಬಾಗಲಾ ಹಾಕಿದ. ಯತಿನ್ ಹುಟ್ಟಿದಾಗ ಕೂಸಿನ್ನ ತೋರಸಾಕ ಹೋದೆ. ಮನಿ ಖಾಲಿ ಇತ್ತು. ಎಲ್ಲಿಗೆ ಹೋದ್ರು ಅಂತ ಯಾರೂ ಹೇಳಲಿಲ್ಲ. ಊರಿಗೂ ಹೋಗಿರಲಿಲ್ಲ.”

ಮುಂಡಪ್ಪಣ್ಣ ತಲೆ ತಗ್ಗಿಸಿ ನಿಂತಿದ್ದರು. “ಮುಚ್ಚಿಡಬೇಕು ಅಂತ ಅಲ್ಲ. ನೀವು ಅವತ್ತು ನನ್ನ ಬರಿ ಕೇಳಿದ್ರಿ, ನಾನು ಹೇಳಿದೆ. ಅವಳದ್ದು ನೀವು ಕೇಳಲಿಲ್ಲ.”

“ಕೇಳತಾರ ಅಂತ ದಿನಾ ಹೆದರತಿದ್ದೆ,” ಎಂದರು ನಾಗವೇಣಿಯಕ್ಕ. “ನನಗ ಬರಿ ಇಲ್ರಿ. ನನ್ನ ಮಗಗೂ ಇಲ್ಲ. ಅದಕ್ಕ ಮದುವಿ ಬ್ಯಾಡ ಅನ್ನೂದಾದ್ರ ಈಗ ಹೇಳಿಬಿಡ್ರಿ. ಆದ್ರ ಮೊದಲ ನಮ್ಮವರು ಯಾರು ಸಿಕ್ಕಾರ, ಅದನ್ನ ಹೇಳ್ರಿ.”

ಎಲ್ಲರೂ ದೊಡ್ಡಮ್ಮನನ್ನು ನೋಡಿದರು. ದೊಡ್ಡಮ್ಮ ಕಠಿಣವಾಗಿ ಹೇಳಲಿಲ್ಲ, ಲೆಕ್ಕ ಹೊಂದದವರಂತೆ ತಮ್ಮಷ್ಟಕ್ಕೆ ಹೇಳಿಕೊಂಡರು. “ತಾಯಿಗೆ ಬರಿ ಇಲ್ಲದಿದ್ದರೆ ಮಗನಿಗೂ ಇಲ್ಲ. ಧಾರೆಯ ಹೊತ್ತಿಗೆ ಹುಡುಗನ ಸೋದರಮಾವ ಅಂತ ಯಾರನ್ನು ನಿಲ್ಲಿಸುವುದು?”

ನಾನು ದಯಾನಂದಣ್ಣನನ್ನು ನೋಡುತ್ತಿದ್ದೆ. ಸಿಕ್ಕಿದ ಹಾಗೆಯೇ ಎಂದು ಹೇಳಿದ ಮನುಷ್ಯ. ಓಡಿ ಹೋಗಲು ಬಾಗಿಲಲ್ಲಿ ಜಾಗವಿರಲಿಲ್ಲ, ಹೆಗಲ ಮೇಲೆ ಹೆಂಡತಿಯ ಸೀರೆ.

“ಸಿಕ್ಕಿದ್ದಾರೆ,” ಎಂದರು.

“ಯಾರ್ರಿ?”

“ನಾನು.”

ಯಾರಿಗೂ ಅರ್ಥವಾಗಲಿಲ್ಲ. ಅವರಿಗೂ ಆಗಿರಲಿಲ್ಲವೆಂದು ನನ್ನ ಅಂದಾಜು. ಆದರೆ ಬಾಯಿ ಹೊರಟಿತ್ತು, ಅವರು ಅದರ ಹಿಂದೆ ಹೋದರು.

“ನಿಮ್ಮ ಅಪ್ಪ ಸಿಗಲಿಲ್ಲ ಅಕ್ಕ. ನಾನು ಹುಡುಕಲೂ ಇಲ್ಲ, ಸುಳ್ಳು ಹೇಳಿದ್ದು. ತಪ್ಪಾಯ್ತು. ಆದರೆ ತವರು ಬೇಕು ಅಂತಾದ್ರೆ ಇದು ಉಂಟಲ್ಲ. ಇವತ್ತಿಂದ ನೀವು ನನ್ನ ತಂಗಿ. ನನ್ನ ಬರಿ ನಿಮ್ಮದು. ನೀವು ಸಾಲ್ಯಾನ್.” ಹೆಗಲ ಮೇಲಿನ ಸೀರೆಯನ್ನು ತೆಗೆದು ಆಕೆಯ ಕೈಗೆ ಕೊಟ್ಟರು. “ಇದು ತವರಿನ ಸೀರೆ.”

ಮೊದಲು ಮಾತಾಡಿದವಳು ರಮಿತಾ. ಗಾಬರಿಯಲ್ಲಿ ಅವಳಿಗೆ ಮರಾಠಿಯೇ ಬರುವುದು. “ಪಪ್ಪಾ, ಮಗ ಮೀ ಪಣ್ ಸಾಲ್ಯಾನ್ ನಾ? ಆಧಾರ್ ಕಾರ್ಡಾವರ್ ತಸಂಚ್ ಆಹೆ.” ಹಾಗಾದರೆ ತಾನೂ ಸಾಲ್ಯಾನ್ ಅಲ್ಲವೇ, ಆಧಾರ್ ಕಾರ್ಡಿನಲ್ಲಿ ಹಾಗೆಯೇ ಇದೆಯಲ್ಲ ಎಂಬುದು ಅವಳ ಪ್ರಶ್ನೆ.

ಒಬ್ಬ ಚಿಕ್ಕಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅಲ್ಲಿಯವರೆಗೆ ಬರಿ ಇಲ್ಲದಿದ್ದ ಮದುಮಗನನ್ನು ದಯಾನಂದಣ್ಣ ಒಂದೇ ಮಾತಿನಲ್ಲಿ ಮಗಳ ಅಣ್ಣನನ್ನಾಗಿ ಮಾಡಿದಂತೆ ನನಗೂ ಕಂಡಿತು. ಯತಿನ್ ಎರಡು ಹೆಜ್ಜೆ ಹಿಂದೆ ಸರಿದ. ದಯಾನಂದಣ್ಣನ ಮುಖ ನಮ್ಮ ಸೊಸೈಟಿಯ ಗೋಡೆಯ ಬಣ್ಣಕ್ಕೆ ತಿರುಗಿತು.

“ಎಲ್ಲರೂ ಸ್ವಲ್ಪ ಸುಮ್ಮನಿರಿ,” ಎಂದರು ದೊಡ್ಡಮ್ಮ. ಅವರು ಬೆರಳು ಮಡಚತೊಡಗಿದ್ದರು. “ಇವಳು ಸಾಲ್ಯಾನ್. ಇವಳ ಮಗ ಸಾಲ್ಯಾನ್. ರಮಿತಾ ಆಧಾರಿನಲ್ಲಿ ಸಾಲ್ಯಾನ್, ಹೊಟ್ಟೆಯಿಂದ ಬಂಗೇರ. ಬರಿ ಬೇರೆ. ಇವಳು ದಯಾನಂದನ ತಂಗಿ ಆದ್ರೆ ಇವಳ ಮಗ ದಯಾನಂದನಿಗೆ ಯಾರು?”

“ಸೋದರಳಿಯ,” ಎಂದರು ವಿಮಲಕ್ಕ ಬಾಗಿಲಿನಿಂದ.

“ಸೋದರಳಿಯ. ರಮಿತಾ ಅವನ ಸೋದರಮಾವನ ಮಗಳು.” ದೊಡ್ಡಮ್ಮ ಕೊನೆಯ ಬೆರಳು ಮಡಚಿ ಮುಷ್ಟಿ ಹಿಡಿದರು. “ಅದು ಹಕ್ಕಿನ ಹೆಣ್ಣು. ನಮ್ಮಲ್ಲಿ ಇದಕ್ಕಿಂತ ಸರಿಯಾದ ಸಂಬಂಧ ಇಲ್ಲ. ಕೇಳುವುದೇ ಬೇಡ.”

ಅಷ್ಟು ಹೊತ್ತಿಗೆ ವಿಮಲಕ್ಕ ಕುಂಕುಮದ ಬಟ್ಟಲೂ ಅಕ್ಕಿಯೂ ತಂದಿದ್ದರು. ದೊಡ್ಡಮ್ಮ ಗೋಡೆ ಹಿಡಿದು ಎದ್ದು, ಸೇರಿದ ಹತ್ತು ಸಮಸ್ತರ ಎದುರು ನಾಗವೇಣಿಯಕ್ಕನ ತಲೆಗೆ ಅಕ್ಕಿ ಹಾಕಿದರು. “ನನ್ನ ತಂಗಿಗೆ ಮಗಳಿರಲಿಲ್ಲ. ಈಗ ಉಂಟು,” ಎಂದರು. ನಾಗವೇಣಿಯಕ್ಕ ಹಸಿರು ಸೀರೆಯಲ್ಲಿ ಮುಖ ಮುಚ್ಚಿಕೊಂಡು ನಿಂತಲ್ಲೇ ಕುಳಿತರು. ಮುಂಡಪ್ಪಣ್ಣ ಬಾಲ್ಕನಿಗೆ ಹೋಗಿ ಬಹಳ ಹೊತ್ತು ಪಾರ್ಕಿಂಗ್ ನೋಡಿದರು. ನನ್ನ ಕಣ್ಣೂ ನೆಟ್ಟಗಿರಲಿಲ್ಲ, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

“ಇಷ್ಟೆಲ್ಲ ಲೆಕ್ಕ ಹಾಕಿಯೇ ಹೇಳಿದ್ದಾ ನೀನು?” ಎಂದು ದೊಡ್ಡಮ್ಮ ಸಾಕುಮಗನನ್ನು ಕೇಳಿದರು.

“ಮತ್ತೆ? ಸಂಸ್ಕೃತಿ ಸಮಿತಿಯಲ್ಲಿ ಇದ್ದೇನಲ್ಲ ದೊಡ್ಡಮ್ಮ,” ಎಂದರು ದಯಾನಂದಣ್ಣ.

ಎಲ್ಲರೂ ಹೋದ ಮೇಲೆ ವಿಮಲಕ್ಕ ಗಂಡನಿಗೆ ನೀರು ಕೊಟ್ಟರು. “ನನಗೆ ಮೊದಲ ದಿನವೇ ಗೊತ್ತಿತ್ತು. ನಮ್ಮ ಕಡೆಯವರು ಹೆಣ್ಣು ನೋಡ್ಲಿಕ್ಕೆ ಬರುವಾಗ ಶೇಂಗಾ ಹಿಂಡಿ ತರ್ತಾರಾ? ಒಂದು ಡಬ್ಬಿ ತಿಂದು ಮುಗಿಸಿದ್ರಲ್ಲ.”

“ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ. ಅವರಿಗೆ ಹೇಳಬೇಕು ಅನ್ನಿಸಿದಾಗ ಅವರೇ ಹೇಳ್ಲಿ ಅಂತ ನಾನೂ ಸುಮ್ಮನಿದ್ದೆ.” ಖಾಲಿ ಲೋಟ ತೆಗೆದುಕೊಳ್ಳುತ್ತ ಸೇರಿಸಿದರು, “ಆ ಹಸಿರು ಸೀರೆ ನನಗೆ ತುಂಬಾ ಇಷ್ಟ ಇತ್ತು. ಅವರಿಗೇ ಒಪ್ಪುತ್ತದೆ, ಬಿಡಿ.”

ಬೂಬಣ್ಣ ಮರುದಿನ ಹೊಸ ಸುದ್ದಿಯೊಂದಿಗೆ ಸ್ಲೋ ಲೋಕಲ್ ಹತ್ತಿದರು. ಅದು ಠಾಣೆ ಮುಟ್ಟುವ ಹೊತ್ತಿಗೆ ದಯಾನಂದಣ್ಣ ಕಳೆದುಹೋದ ತಂಗಿಯನ್ನು ಮೂವತ್ತು ವರ್ಷ ಹುಡುಕಿ, ಕೊನೆಗೆ ಸಿಂದಗಿಯ ಸಂತೆಯಲ್ಲಿ ಪತ್ತೆಹಚ್ಚಿದ್ದರು. ಅದನ್ನು ಯಾರೂ ತಿದ್ದಲಿಲ್ಲ. ದಯಾನಂದಣ್ಣನೂ ತಿದ್ದಲಿಲ್ಲ.

ಮದುವೆಯ ದಿನ ಅವರಿಗೆ ಎರಡು ಹುದ್ದೆ. ಹೆಣ್ಣಿನ ತಂದೆಯಾಗಿ ಹಾಲಿನ ಬಾಗಿಲಲ್ಲಿ ನಿಂತು ದಿಬ್ಬಣವನ್ನು ಎದುರುಗೊಳ್ಳಬೇಕು. ಗಂಡಿನ ಸೋದರಮಾವನಾಗಿ ಆ ದಿಬ್ಬಣದ ಮುಂದೆ ನಡೆದು ಬರಬೇಕು. ಅವರು ಎರಡನ್ನೂ ಮಾಡಿದರು. ಗೇಟಿನಿಂದ ಬ್ಯಾಂಡಿನವರ ಮುಂದೆ ಗಂಭೀರವಾಗಿ ನಡೆದು ಬಂದು, ಬಾಗಿಲು ಮುಟ್ಟಿದ್ದೇ ಒಳಗೆ ಓಡಿ, ತಿರುಗಿ ನಿಂತು, “ಬರಬೇಕು, ಬರಬೇಕು” ಎಂದು ತಾವು ಈಗಷ್ಟೇ ನಿಂತಿದ್ದ ಖಾಲಿ ಜಾಗಕ್ಕೆ ಕೈ ಮುಗಿದರು. ಪಕ್ಕದಲ್ಲಿದ್ದ ಹಾಲ್ ಮ್ಯಾನೇಜರ್ ಕೂಡ ಕೈ ಮುಗಿದ. ದೀಪವನ್ನು ದೊಡ್ಡಮ್ಮ ಹಚ್ಚಿದರು. ಅಡುಗೆಮನೆಯ ಹೊಗೆ ಚಿಮಣಿಯಿಂದ ನೇರ ಮೇಲಕ್ಕೆ ಹೋಯಿತು.

ಹೆಣ್ಣು ಒಪ್ಪಿಸುವ ಹೊತ್ತಿಗೆ ಎಲ್ಲರೂ ಕರವಸ್ತ್ರ ತೆಗೆದು ಸಿದ್ಧರಾದರು. ರಮಿತಾ ಅಳಲಿಲ್ಲ, ಘೋಡಬಂದರ್‌ನಿಂದ ಡೊಂಬಿವಲಿಗೆ ಬರಲು ಎಷ್ಟು ಹೊತ್ತು ಎಂದು ಅವಳಿಗೆ ಗೊತ್ತು. ಅತ್ತವರು ಹಸಿರು ಸೀರೆಯ ನಾಗವೇಣಿಯಕ್ಕ. ಕಾರಿನ ಬಾಗಿಲು ಹಿಡಿದು, ವಿಮಲಕ್ಕನ ಹೆಗಲ ಮೇಲೆ ತಲೆಯಿಟ್ಟು, ಎಳೆಯ ಮದುಮಗಳಂತೆ ಬಿಕ್ಕಿ ಬಿಕ್ಕಿ ಅತ್ತರು. ಅವರ ಮದುವೆಯ ದಿನ ಅವರನ್ನು ಕಳಿಸಿಕೊಡಲು ಯಾರೂ ಬಂದಿರಲಿಲ್ಲ. ಸೊಸೆಯೇ ಅತ್ತೆಯ ಕಣ್ಣೊರೆಸಿದಳು. ಮಗಳಿಗೆಂದು ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ದಯಾನಂದಣ್ಣ ಗಲಿಬಿಲಿಯಲ್ಲಿ ನಾಗವೇಣಿಯಕ್ಕನ ಕೈ ಹಿಡಿದು ಹೇಳಿಬಿಟ್ಟರು.

“ಅಳಬೇಡ ಮಗಾ. ಆಟಿ ತಿಂಗಳು ತವರಿಗೆ ಬರ್ಲಿಕ್ಕೆ ಉಂಟಲ್ಲ.”

ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಹೊಸದಾಗಿ ಮದುವೆಯಾದ ಹೆಣ್ಣು ಆಗ ತವರಿಗೆ ಬಂದು ಕೆಲವು ದಿನ ಇದ್ದು ಹೋಗುವುದು ಪದ್ಧತಿ. ಅತ್ತೆ ಬರುವ ಪದ್ಧತಿ ಎಲ್ಲಿಯೂ ಇಲ್ಲ.

ಜುಲೈ ಕೊನೆಯ ಒಂದು ಭಾನುವಾರ, ಮಳೆಗೆ ರೈಲುಗಳು ತಡವಾಗಿ ಓಡುತ್ತಿದ್ದಾಗ, ಮೂರನೇ ಮಹಡಿಯ ಬೆಲ್ ಆದದ್ದು ನನಗೂ ಕೇಳಿತು. ಮೆಟ್ಟಿಲು ಹತ್ತಿ ನೋಡಿದೆ. ರಮಿತಾ ಒಂದು ಬ್ಯಾಗಿನೊಂದಿಗೆ, ನಾಗವೇಣಿಯಕ್ಕ ಇನ್ನೊಂದು ಬ್ಯಾಗಿನೊಂದಿಗೆ ನಿಂತಿದ್ದರು. ದಯಾನಂದಣ್ಣ ಬಾಗಿಲು ತೆರೆದು, ಎಲ್ಲ ಮರೆತವರಂತೆ, “ಏನು ವಿಶೇಷ?” ಎಂದರು.

“ಆಟಿಗೆ ಕರದಿದ್ರಲ್ಲ ಅಣ್ಣಾರ,” ಎಂದರು ನಾಗವೇಣಿಯಕ್ಕ.

ಹಿಂದಿನಿಂದ ವಿಮಲಕ್ಕ, “ಎರಡು ಹಾಸಿಗೆ ಹಾಕಿಟ್ಟಿದ್ದೇನೆ, ಒಳಗೆ ಬನ್ನಿ,” ಎಂದರು.

ಮಧ್ಯಾಹ್ನ ನನ್ನ ತಲೆಯ ಮೇಲೆ, ಅವರ ಅಡುಗೆಮನೆಯಲ್ಲಿ, ಜೋಳದ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಪಟಪಟ ಪಟಪಟ, ಯಾರ ಹೆದರಿಕೆಯೂ ಇಲ್ಲದ ಸಪ್ಪಳ. ನೆರೆಯವರು ಕೇಳಿ ಊರು ಯಾವುದೆಂದು ವಿಚಾರಿಸಿಯಾರು ಎಂದು ಇಷ್ಟು ವರ್ಷ ತಮ್ಮ ಮನೆಯಲ್ಲಿ ಆಕೆ ರೊಟ್ಟಿ ಬಡಿದಿರಲಿಲ್ಲವಂತೆ. ಸ್ವಲ್ಪ ಹೊತ್ತಿಗೆ ದಯಾನಂದಣ್ಣ ಇಳಿದು ಬಂದರು. ಎದೆ ಉಬ್ಬಿತ್ತು, ಮೀಸೆಗೆ ಹಿಟ್ಟು ಹತ್ತಿತ್ತು.

“ಊಟಕ್ಕೆ ಬನ್ನಿ ಮಾಷ್ಟ್ರೆ. ಒಮ್ಮೆ ನೋಡಿ ಕಲಿಯಬೇಕು ನೀವು,” ಎಂದರು. “ನಮ್ಮ ಸಾಲ್ಯಾನರಲ್ಲಿ ರೊಟ್ಟಿ ಹೀಗೆಯೇ ಬಡಿಯುವುದು.”